ಬಿರುಮಳೆಯ ಬೆನ್ನಟ್ಟಲು ಲೈಸೆನ್ಸು

ಶನಿವಾರ ಮಧ್ಯಾಹ್ನದ ಊಟ ಮುಗಿಸಿ ಶ್ರೀನಿವಾಸಮೂರ್ತಿ ಬಾಲ್ಕನಿಯಲ್ಲಿ ಹೋಗಿ ನಿಂತನೆಂದರೆ ಮುಂದಿನದು ಮನೆಯವರಿಗೆ ಗೊತ್ತಿರುತ್ತಿತ್ತು. ನೈರೋಬಿಯ ಸೌತ್ ಸಿ ಬಡಾವಣೆಯ ಆ ಫ್ಲಾಟಿನಿಂದ, ಗೋದಾಮುಗಳ ತಗಡಿನ ಮೇಲೆ, ದಕ್ಷಿಣದ ಆಕಾಶ ಒಂದು ಪಟ್ಟಿಯಷ್ಟು ಕಾಣುತ್ತಿತ್ತು. ಆ ಪಟ್ಟಿ ಬೆಳ್ಳಗಿದ್ದರೆ ಒಳಗೆ ಬಂದು ಮಲಗುತ್ತಿದ್ದ. ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದರೆ ಷೂ ಹಾಕಿಕೊಂಡು, ಕಾರಿನ ಕೀ ತೆಗೆದುಕೊಂಡು, ಬಾಗಿಲಲ್ಲಿ ನಿಂತು "ಬರ್ತೀನಿ" ಅನ್ನುತ್ತಿದ್ದ.

"ಹೂಂ, ಬನ್ನಿ," ಅನ್ನುತ್ತಿದ್ದಳು ಹೆಂಡತಿ ವಿಜಿ, ಅಡುಗೆಮನೆಯಿಂದಲೇ.

ಇಷ್ಟೇ. ಎಲ್ಲಿಗೆ ಎಂದು ಅವಳು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಮದುವೆಯಾಗಿ ನೈರೋಬಿಗೆ ಬಂದಾಗಿನಿಂದ ಇದು ಹೀಗೇ ನಡೆದಿತ್ತು.

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ವಿಜಿ ಅದೇ ಊರಿನ ಪಂಗಾನಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಸಂಭವನೀಯತೆಯ ಪಾಠವನ್ನು ಅವಳಷ್ಟು ಚೆನ್ನಾಗಿ ಮಾಡುವವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಆದರೂ ಮೈಸೂರಿನ ಅವಳ ತಾತ, ಯಾರೋ ಎಲ್ಲಿಗೆ ಎಂದು ಕೇಳಿದ್ದಕ್ಕೆ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು, ಕುರ್ಚಿಯಲ್ಲಿ ಕೂತು, ನೀರು ತರಿಸಿ ಕುಡಿದು, ಕೇಳಿದವನನ್ನು ದುರುಗುಟ್ಟಿ ನೋಡಿ ಆಮೇಲೆ ಹೊರಟಿದ್ದನ್ನು ಅವಳು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಳು. ಕೆಲವು ವಿಷಯಗಳಿಗೆ ಗಣಿತ ಅನ್ವಯಿಸುವುದಿಲ್ಲ.

ಮೂರ್ತಿ ಹೋಗುತ್ತಿದ್ದುದು ಬಿರುಮಳೆಯ ಹಿಂದೆ. ಊರಾಚೆಯ ಆಥಿ ಬಯಲಿನ ಮೇಲೆ ಮೋಡ ಕಟ್ಟಿದರೆ ಅದು ಎತ್ತ ವಾಲುತ್ತದೆ ಎಂದು ನೋಡುತ್ತಾ, ಅದಕ್ಕಿಂತ ಸ್ವಲ್ಪ ಮುಂದೆ ಹೋಗಿ ಕಾರು ನಿಲ್ಲಿಸುತ್ತಿದ್ದ. ನೈರೋಬಿಯಲ್ಲಿ ಹೀಗೆ ಮಳೆಯ ಬೆನ್ನಟ್ಟುವವರು ಇನ್ನೂ ಒಂದಿಷ್ಟು ಜನ ಇದ್ದರು. ಅವರು ಮಿಂಚಿನ ಫೋಟೋ ಹಿಡಿಯುತ್ತಿದ್ದರು, ಆಲಿಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ವಿಡಿಯೋ ಮಾಡುತ್ತಿದ್ದರು. ಮೂರ್ತಿ ಏನನ್ನೂ ಹಿಡಿಯುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಮಳೆಯೂ ಅಲ್ಲ. ಮಳೆ ಬೀಳುವುದಕ್ಕೆ ತುಸು ಮುಂಚೆ ಗಾಳಿ ನಿಂತು, ಹಕ್ಕಿಗಳು ನಿಂತು, ಹುಲ್ಲು ಸಹ ನಿಂತು, ಇಡೀ ಬಯಲು ಉಸಿರು ಹಿಡಿದುಕೊಂಡ ಹಾಗೆ ಆಗುತ್ತದಲ್ಲ, ಅದು. ವಾರವಿಡೀ ಅವನು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಯಂತ್ರಗಳ ಪಕ್ಕ ಇರುತ್ತಿದ್ದ. ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ಭಾನುವಾರ ಕಿವಿಗೆ ಕನ್ನಡ ಸಂಘದ ಧ್ವನಿವರ್ಧಕ. ನಡುವೆ ಉಳಿದಿದ್ದು ಆ ಒಂದು ಮೌನ. ಅದರ ಜಾಗವನ್ನು ಬಾಯಿಬಿಟ್ಟು ಹೇಳಿದರೆ ತನಗಿಂತ ಮೊದಲು ಬೇರೆ ಯಾರನ್ನೋ ಅಲ್ಲಿಗೆ ಕಳಿಸಿದ ಹಾಗಾಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಹೋದ ವರ್ಷ ಏಪ್ರಿಲ್‌ನಲ್ಲಿ ಮಾತ್ರ ಎಡವಟ್ಟಾಯಿತು. ಬಯಲಿನ ಎರೆಮಣ್ಣಿನಲ್ಲಿ ಕಾರು ಹೂತುಕೊಂಡಿತು, ಫೋನಿನ ಚಾರ್ಜು ಮುಗಿಯಿತು. ಕತ್ತಲಾದರೂ ಗಂಡ ಬರದಿದ್ದಾಗ ವಿಜಿ ಪೊಲೀಸ್ ಠಾಣೆಗೆ ಹೋದಳು.

"ಎಲ್ಲಿಗೆ ಹೋಗಿದ್ದಾರೆ?" ಎಂದು ಕೇಳಿದರು ಅಲ್ಲಿ.

"ಗೊತ್ತಿಲ್ಲ."

"ಹೋಗುವಾಗ ಕೇಳಲಿಲ್ಲವೆ?"

"ನಮ್ಮಲ್ಲಿ ಕೇಳಲ್ಲ."

ಪೊಲೀಸಿನವನು ಪೆನ್ನು ಕೆಳಗಿಟ್ಟು ಅವಳ ಮುಖವನ್ನೇ ನೋಡಿದನಂತೆ. ಹಸು ಮೇಯಿಸುವವರು ತಳ್ಳಿಕೊಟ್ಟ ಕಾರಿನಲ್ಲಿ ಮೂರ್ತಿ ಮೈಯೆಲ್ಲ ಕೆಸರಾಗಿ ಮನೆ ಸೇರಿದಾಗ ವಿಜಿ ಬೈಯಲಿಲ್ಲ, ಅಳಲಿಲ್ಲ. ಬಿಸಿನೀರು ಕಾಯಿಸಿದಳು. ಅಷ್ಟು ಗಟ್ಟಿಯಾದ ಮೌನವನ್ನು ಮೂರ್ತಿ ಯಾವ ಬಯಲಿನಲ್ಲಿಯೂ ಕೇಳಿರಲಿಲ್ಲ. ಅದು ಅವನಿಗೆ ಇಷ್ಟವಾಗಲಿಲ್ಲ.

"ಅಪ್ಪಾ, ಜಸ್ಟ್ ಶೇರ್ ಯುವರ್ ಲೊಕೇಶನ್," ಅಂದಳು ಮಗಳು ನಿಕಿತಾ. ನೈರೋಬಿಯಲ್ಲೇ ಹುಟ್ಟಿ ಬೆಳೆದು ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿ. ಅವಳಿಗೆ ಕನ್ನಡ ಕಿವಿಗೆ ಮಾತ್ರ.

"ಅದೂ ಕೇಳಿದ ಹಾಗೇ ಅಲ್ವಾ," ಅಂದಳು ವಿಜಿ. ಮೂರ್ತಿಯ ಫೋನೋ, ಗುಂಡಿ ಒತ್ತುವ ಕಾಲದ್ದು. ವಿಷಯ ಅಲ್ಲಿಗೆ ನಿಂತಿತು.

ಈ ವರ್ಷದ ಮಳೆಗಾಲದ ಹೊತ್ತಿಗೆ ಸರ್ಕಾರದ ಇಲಾಖೆಯೊಂದು ಒಂದು ಕರಡು ನಿಯಮ ಹೊರಡಿಸಿತು. ಅದಕ್ಕೆ ಕಾರಣ ಲಾರೆನ್ಸ್ ಎಂಬ ಯುವಕ. ಅವನು ತನ್ನ ಮಟಾಟುವಿಗೆ, ಅಂದರೆ ಬಾಡಿಗೆಗೆ ಓಡಿಸುವ ಮಿನಿಬಸ್ಸಿಗೆ, ಮಿಂಚಿನ ಚಿತ್ರ ಬರೆಸಿ, ಪ್ರವಾಸಿಗಳನ್ನು ತುಂಬಿಕೊಂಡು, ಬಿರುಮಳೆ ತೋರಿಸಲು ಕರೆದೊಯ್ಯುತ್ತಿದ್ದ. ಒಂದು ದಿನ ಅದು ಹಳ್ಳದಲ್ಲಿ ಸಿಕ್ಕಿಹಾಕಿಕೊಂಡು, ಪ್ರವಾಸಿಗಳು ಅದರ ನೆತ್ತಿಯ ಮೇಲೆ ಕೂತು ಹಾಡು ಹೇಳುತ್ತಿರುವ ದೃಶ್ಯ ಟಿವಿಯಲ್ಲಿ ಬಂತು. ಇನ್ನು ಮೇಲೆ ಬಿರುಮಳೆಯ ಬೆನ್ನಟ್ಟುವವರೆಲ್ಲ ಲೈಸೆನ್ಸು ಪಡೆಯಬೇಕು, ಹೊರಡುವ ಮೊದಲು ಎಲ್ಲಿಗೆ ಎಂದು ಇಲಾಖೆಗೆ ತಿಳಿಸಬೇಕು, ಹೊಳೆಯುವ ಜಾಕೆಟ್ ಹಾಕಬೇಕು, ಒಬ್ಬರೇ ಹೋಗಕೂಡದು. ಯಾವ ನಿಯಮಕ್ಕೂ ಮೊದಲು ಸಾರ್ವಜನಿಕರನ್ನು ಕೇಳಲೇಬೇಕು ಎನ್ನುವುದು ಆ ದೇಶದ ಪದ್ಧತಿ. ಹಾಗಾಗಿ ಸೌತ್ ಸಿಯ ಚರ್ಚಿನ ಸಭಾಂಗಣದಲ್ಲಿ ಒಂದು ಶನಿವಾರ ಮಧ್ಯಾಹ್ನ ಸಭೆ ಕರೆದರು.

ಒಬ್ಬರೇ ಹೋಗಕೂಡದು ಎಂಬ ಸಾಲನ್ನು ಮೂರ್ತಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿದ. ಆಮೇಲೆ ಬಾಯಿಬಿಟ್ಟ. ಮನೆಯಲ್ಲಿ ಅವನು ತಾನಾಗಿ ಮಾತಾಡುವುದೇ ಅಪರೂಪವಾದ್ದರಿಂದ ವಿಜಿ ದೋಸೆ ಮಗುಚುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ನಾನು ಸಭೇಲಿ ಮಾತಾಡ್ತೀನಿ. ಇದು ಬೇಡ ಅಂತ."

"ಮಾತಾಡಿ," ಅಂದಳು ವಿಜಿ. "ನಾನೂ ಮಾತಾಡ್ತೀನಿ. ಬೇಕು ಅಂತ."

ಮೂರ್ತಿ ಮಾತಾಡುತ್ತಾನೆ ಎಂಬ ಸುದ್ದಿ ಕನ್ನಡ ಸಂಘದ ಅಧ್ಯಕ್ಷ ಪುರುಷೋತ್ತಮರ ಕಿವಿಗೆ ಬಿದ್ದಿದ್ದೇ ತಡ, ಅವರು ಫೋನು ಮಾಡಿದರು.

"ಮೂರ್ತಿಗಳೇ, ನಿಮಗ್ಯಾಕೆ ಆ ಕಷ್ಟ? ನಿಮ್ಮ ಪರವಾಗಿ ನಾನಿದೀನಲ್ಲ. ನೀವು ಸುಮ್ನೆ ಪಕ್ಕದಲ್ಲಿ ಕೂತಿರಿ, ಮಿಕ್ಕಿದ್ದು ನನಗೆ ಬಿಡಿ."

ಸುಮ್ಮನೆ ಕೂತಿರುವುದು ತನಗೆ ಬರುವ ಕೆಲಸವಾದ್ದರಿಂದ ಮೂರ್ತಿ ಒಪ್ಪಿದ.

ಸಭಾಂಗಣಕ್ಕೆ ತಗಡಿನ ಚಾವಣಿ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಹಿಂದೆ ಮೇಜಿನ ಮೇಲೆ ಚಹಾ, ಎಣ್ಣೆಯಲ್ಲಿ ಕರಿದ ಸಿಹಿ ಮಂದಾಜಿ. ಮಂದಾಜಿಯ ವಾಸನೆಗೇ ಅರ್ಧ ಜನ ಬಂದ ಹಾಗಿತ್ತು. ವೇದಿಕೆಯಲ್ಲಿ ಇಲಾಖೆಯ ಅಧಿಕಾರಿ ಮೇರಿ ಮೇಡಂ. ನೀಟಾದ ಸೂಟು, ಮುಂದೊಂದು ಗಂಟೆ. ಒಬ್ಬೊಬ್ಬರಿಗೆ ಮೂರು ನಿಮಿಷ, ಗಂಟೆ ಬಾರಿಸಿದರೆ ಕೂರಬೇಕು ಎಂದು ಅವರು ಮೊದಲೇ ಹೇಳಿದರು. ಹೊರಗಿದ್ದವರಿಗೂ ಕೇಳಲಿ ಎಂದು ಬಾಗಿಲ ಮೇಲೆ ಒಂದು ಸ್ಪೀಕರು ಕಟ್ಟಿದ್ದರು.

ಮೊದಲು ಎದ್ದವನು ಬಸ್ ನಿಲ್ದಾಣದಲ್ಲಿ ಛತ್ರಿ ಮಾರುವವನು. "ಮಳೆ ಎಲ್ಲಿದೆಯೋ ಅಲ್ಲಿಗೆ ಓಡುವುದೇ ನನ್ನ ವ್ಯಾಪಾರ. ನನಗೂ ಲೈಸೆನ್ಸು ಬೇಕೇ?"

ಮೇರಿ ಮೇಡಂ ಕರಡನ್ನು ತಿರುವಿ ಹಾಕಿ, ಛತ್ರಿಯ ಬಗ್ಗೆ ಅದರಲ್ಲಿ ಏನೂ ಇಲ್ಲ, ಬರೆದುಕೊಳ್ಳುತ್ತೇನೆ ಅಂದರು.

ಆಮೇಲೆ ಲಾರೆನ್ಸ್. "ಮೇಡಂ, ಮೊನ್ನೆ ಮೊಂಬಾಸಾ ರಸ್ತೆಯಲ್ಲಿ ನಾನು ನನ್ನ ಪಾಡಿಗೆ ಮನೆಗೆ ಹೋಗುತ್ತಿದ್ದೆ. ಮಳೆ ನನ್ನ ಹಿಂದೆ ಬಿತ್ತು. ನಾನು ಓಡಿಸಿದಷ್ಟೂ ಬಂತು. ಅವತ್ತು ಲೈಸೆನ್ಸು ಇರಬೇಕಾಗಿದ್ದು ಯಾರ ಹತ್ತಿರ?"

ಸಭೆ ಚಪ್ಪಾಳೆ ತಟ್ಟಿತು. ಮೇರಿ ಮೇಡಂ ನಗು ತಡೆದುಕೊಂಡು ಅದನ್ನೂ ಬರೆದುಕೊಂಡರು. ಲಾರೆನ್ಸ್ ಕೂರುವಾಗ ಮೂರ್ತಿಯ ಕಡೆ ಬಾಗಿ, ಹಿರಿಯರನ್ನು ಕರೆಯುವ ಸ್ವಾಹಿಲಿ ಮಾತಿನಲ್ಲಿ ಕರೆದು ಪಿಸುಗುಟ್ಟಿದ: "ಮ್ಜೀ ಮೂರ್ತಿ, ಇವತ್ತು ಆಕಾಶ ನೋಡಿದಿರಾ? ನಿಮ್ಮ ಆ ದಿಬ್ಬ ಎಲ್ಲಿದೆ ಅಂತ ಇವತ್ತಾದರೂ ಹೇಳಿ." ಮೂರ್ತಿಗೆ ಒಂದು ಗುಟ್ಟಿನ ದಿಬ್ಬವಿದೆ, ಅಲ್ಲಿಂದ ಬಿರುಮಳೆ ಕಂಡ ಹಾಗೆ ಬೇರೆಲ್ಲಿಂದಲೂ ಕಾಣುವುದಿಲ್ಲ ಎಂಬ ಮಾತು ಅವರ ಗುಂಪಿನಲ್ಲಿ ಓಡಾಡುತ್ತಿತ್ತು. ಮೂರ್ತಿ ಎಂದಿನಂತೆ ನಕ್ಕ.

ಪುರುಷೋತ್ತಮರ ಸರದಿ ಬಂತು. ಅವರು ಕೋಟಿನ ಗುಂಡಿ ಹಾಕಿಕೊಂಡು ಮೈಕಿನ ಮುಂದೆ ನಿಂತರು. ಎಷ್ಟೋ ವರ್ಷ ರಾಜ್ಯೋತ್ಸವಗಳಲ್ಲಿ ಪಳಗಿದ ಗಂಟಲು ಅದು. ವೇದಿಕೆಯ ಮೇಲೆ ಆಸೀನರಾಗಿರುವ ಮಾನ್ಯ ಅಧಿಕಾರಿಗಳಿಗೆ ಅವರು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದರು. ಸ್ಥಳಾವಕಾಶ ಒದಗಿಸಿದ ಚರ್ಚಿನ ಮಂಡಳಿಗೆ ಹೇಳಿದರು. ಮುಂದಿನ ಸಾಲಿನ ಹಿರಿಯರಿಗೆ, ಹಿಂದಿನ ಸಾಲಿನ ಯುವಕರಿಗೆ, ಮಾತೆಯರಿಗೆ, ಚಹಾ ಮಾಡಿದವರಿಗೆ, ಮೈಕು ಜೋಡಿಸಿದವರಿಗೆ ಹೇಳಿದರು. ಇಂಥ ಮಹತ್ವದ ವಿಷಯದ ಬಗ್ಗೆ ಸಮುದಾಯದ ಅಭಿಪ್ರಾಯ ಕೇಳಿದ ಸರ್ಕಾರಕ್ಕೆ ತುಂಬು ಹೃದಯದ ಕೃತಜ್ಞತೆ ಅರ್ಪಿಸಿದರು. "ಈಗ ವಿಷಯಕ್ಕೆ ಬರುವುದಾದರೆ," ಅಂದರು.

ಗಂಟೆ ಹೊಡೆಯಿತು.

"ಅಸಾಂಟೆ ಸಾನಾ," ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿದರು ಮೇರಿ ಮೇಡಂ, ಬರೆದುಕೊಳ್ಳುತ್ತಾ. "ಇಂಡಿಯನ್ ಸಮುದಾಯ: ಬೆಂಬಲ."

ಪುರುಷೋತ್ತಮರು ಬಂದು ಕೂತರು. "ಹೇಗಿತ್ತು?" ಎಂದು ಕೇಳಿದರು.

"ಚೆನ್ನಾಗಿತ್ತು," ಅಂದ ಮೂರ್ತಿ. ಬೇರೇನು ಹೇಳುವುದು.

ಅಷ್ಟರಲ್ಲಿ ವಿಜಿ ಮೈಕಿನ ಮುಂದೆ ಹೋಗಿ ನಿಂತಿದ್ದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ತರಗತಿಗೆ ಹೋದ ಹಾಗೆ.

"ನನ್ನ ಗಂಡ ಮಳೆಯ ಹಿಂದೆ ಹೋಗುತ್ತಾರೆ. ಎಲ್ಲಿಗೆ ಎಂದು ನನಗೆ ಗೊತ್ತಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ನಮ್ಮಲ್ಲಿ ಅಪಶಕುನ. ಕೇಳಿದರೆ ಅವರು ವಾಪಸ್ ಬಂದು ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಹಾಗಾಗಿ ಇಷ್ಟು ವರ್ಷ ನಾನು ಕೇಳಲಿಲ್ಲ. ನಾನು ಕೇಳುವ ಹಾಗಿಲ್ಲ, ಸರ್ಕಾರವಾದರೂ ಕೇಳಲಿ. ಅದಕ್ಕೇ ಈ ನಿಯಮ ಬೇಕು."

ಸಭೆಯ ಹೆಂಗಸರು ತಲೆದೂಗಿದರು. "ನಮ್ಮವನೂ ಹೇಳುವುದಿಲ್ಲ. ಅವನಿಗೆ ಮಳೆಯ ನೆವವೂ ಇಲ್ಲ," ಅಂದಳು ಯಾರೋ ಹಿಂದಿನಿಂದ. ನಗು ಎದ್ದಿತು.

ಮೂರ್ತಿ ನಗಲಿಲ್ಲ. ಠಾಣೆಯಲ್ಲಿ ಅವಳು ಹೇಗೆ ನಿಂತಿದ್ದಿರಬಹುದು ಎಂದು ಇಷ್ಟು ದಿನ ಅವನು ಯೋಚಿಸಿಯೇ ಇರಲಿಲ್ಲ. ಈಗ ಕಣ್ಣೆದುರೇ ನಿಂತಿದ್ದಳು.

ಆಗಲೇ ಕಿಟಕಿಯಲ್ಲಿ ಬೆಳಕು ಬದಲಾಗಿದ್ದು. ಗೋದಾಮುಗಳ ಆಚೆ ಆಕಾಶ ಬದನೆಕಾಯಿಯ ಬಣ್ಣಕ್ಕಿಂತಲೂ ಕಪ್ಪಾಗಿ, ಅಂಚಿಗೆ ಹಸಿರು ಹಿಡಿದಿತ್ತು. ಅಂಥ ಹಸಿರನ್ನು ಮೂರ್ತಿ ಬಹಳ ವರ್ಷದಿಂದ ಕಂಡಿರಲಿಲ್ಲ. ಮಳೆ ಬೆನ್ನಟ್ಟುವವರು ಕೂತಿದ್ದ ಸಾಲು ಪೂರ್ತಿ ಕಿಟಕಿಗೆ ತಿರುಗಿತು. ಒಬ್ಬ ಕೆಮ್ಮಿಕೊಂಡು ಎದ್ದುಹೋದ. ಇನ್ನೊಬ್ಬನಿಗೆ ಫೋನು ಬಂದ ಹಾಗಾಯಿತು. ಶೌಚಾಲಯಕ್ಕೆಂದು ಹೋದ ಲಾರೆನ್ಸ್ ಹೊರಗೆ ಮಟಾಟು ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು.

ಮೂರ್ತಿ ತಡೆದುಕೊಂಡ. ಹೆಂಡತಿ ತನ್ನ ವಿರುದ್ಧ ಮಾತಾಡುತ್ತಿರುವಾಗ ಎದ್ದುಹೋಗುವುದು ಸರಿಯಲ್ಲ. ಆದರೆ ಕಾಲುಗಳು ಆಗಲೇ ಎದ್ದಿದ್ದವು. ಅವನು ಗೋಡೆಯ ಪಕ್ಕದಲ್ಲೇ ಸರಿದು ಬಾಗಿಲು ಮುಟ್ಟಿದ.

"ಸರ್," ಎಂದು ಕರೆದರು ಮೇರಿ ಮೇಡಂ. "ನೀವು ಎಲ್ಲಿಗೆ ಹೊರಟಿರಿ?"

ಕನ್ನಡದವರು ಕೂತಿದ್ದ ಸಾಲು ಒಟ್ಟಿಗೆ ನಾಲಿಗೆ ಕಚ್ಚಿಕೊಂಡಿತು. ಮೈಕಿನ ಮುಂದೆ ವಿಜಿ ಕಣ್ಣು ಮುಚ್ಚಿದಳು.

ಮೂರ್ತಿ ಬಾಗಿಲಿನಿಂದ ವಾಪಸ್ ಬಂದು ಕುರ್ಚಿಯಲ್ಲಿ ಕೂತ. ಪುರುಷೋತ್ತಮರು ನೀರಿನ ಬಾಟಲಿ ಕೊಟ್ಟರು. ಅವನು ಕುಡಿದ. ಸಭೆಯೆಲ್ಲ ಅವನು ನೀರು ಕುಡಿಯುವುದನ್ನೇ ನೋಡಿತು. ಹೊರಗೆ ದೂರದಲ್ಲಿ ಗುಡುಗಿತು.

ಬಾಟಲಿಯ ಮುಚ್ಚಳ ಹಾಕಿ ಅವನು ಮತ್ತೆ ಎದ್ದ.

"ಕ್ಷಮಿಸಿ ಸರ್, ಸಭೆ ಬಿಟ್ಟು ಹೋಗುವವರ ಬಗ್ಗೆ ನಾನು ಬರೆದುಕೊಳ್ಳಬೇಕು," ಅಂದರು ಮೇರಿ ಮೇಡಂ, ಮೃದುವಾಗಿಯೇ. "ಎಲ್ಲಿಗೆ?"

ಮೂರ್ತಿ ಕೂತ. ಪುರುಷೋತ್ತಮರು ಬಾಟಲಿ ಮುಂದೆ ಚಾಚಿದರು.

"ಏನ್ರೀ ಇದು, ಈಯಮ್ಮ ಮತ್ತೆ ಮತ್ತೆ," ಎಂದು ಗೊಣಗಿದರು. "ಮೂರ್ತಿಗಳೇ, ಸ್ವಲ್ಪ ಸ್ವಲ್ಪ ಕುಡೀರಿ. ಒಂದೇ ಬಾಟ್ಲಿ ಇರೋದು."

"ಓ ಮೈ ಗಾಡ್," ಅಂದಳು ಅಮ್ಮನ ಜೊತೆ ಬಂದಿದ್ದ ನಿಕಿತಾ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು.

ವೇದಿಕೆಯಲ್ಲಿ ಮೇರಿ ಮೇಡಂ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಮೈಕಿನ ಮುಂದೆ ವಿಜಿಯೂ ಕಾಯುತ್ತಿದ್ದಳು. ಇಬ್ಬರಿಗೂ ಬೇಕಾಗಿದ್ದುದು ಒಂದೇ ಉತ್ತರ. ಒಬ್ಬರು ಕೇಳಿದ್ದರು. ಇನ್ನೊಬ್ಬಳು ತುಟಿ ಬಿಗಿಹಿಡಿದು, ಕೇಳದೆ ನಿಂತಿದ್ದಳು, ಮದುವೆಯಾದಂದಿನಿಂದ ನಿಂತಿದ್ದ ಹಾಗೆ. ಕೇಳಬಾರದು ಎಂದು ಎಲ್ಲರೂ ಹೇಳಿದ್ದರು. ಹೇಳಬಾರದು ಎಂದು ಮೂರ್ತಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ.

ಅವನು ಎದ್ದು, ಈ ಸಲ ಬಾಗಿಲ ಕಡೆಗೆ ಹೋಗದೆ, ಮೇರಿ ಮೇಡಂ ಬಾಯಿ ತೆರೆಯುವ ಮೊದಲೇ ನೇರ ಮುಂದಕ್ಕೆ ನಡೆದು ಹೆಂಡತಿಯ ಪಕ್ಕ ನಿಂತ. ಅವಳ ಕಿವಿಯ ಹತ್ತಿರ ಬಾಗಿದ.

"ಕಿತೆಂಗೆಲಾ ದಾಟಿ ಇಸಿನ್ಯಾ ರೋಡು. ದೊಡ್ಡ ವಾಟರ್ ಟ್ಯಾಂಕ್ ಸಿಗತ್ತೆ. ಅದರ ಎದುರಿನ ಮಣ್ಣು ದಾರಿ, ಕೊನೇಲಿ ಒಂದು ದಿಬ್ಬ. ಅಲ್ಲಿರ್ತೀನಿ. ಬರ್ತೀನಿ."

ಅವನು ಪಿಸುಗುಟ್ಟಿದ್ದು ಹೌದು. ಆದರೆ ಅವಳ ಗಲ್ಲದ ಕೆಳಗೆ ಮೈಕು ಇತ್ತು. ಕಿತೆಂಗೆಲಾ, ಇಸಿನ್ಯಾ, ವಾಟರ್ ಟ್ಯಾಂಕ್ ಎಂಬ ಮಾತುಗಳು ತಗಡಿನ ಚಾವಣಿಗೆ ಬಡಿದು, ಬಾಗಿಲ ಮೇಲಿನ ಸ್ಪೀಕರಿನಿಂದ ಹೊರಟು, ಕಾಂಪೌಂಡು ದಾಟಿ ಹೋದವು. ಹೊರಗೆ ಮಟಾಟು ಒಮ್ಮೆ ಹಾರ್ನ್ ಮಾಡಿತು.

"ಹೂಂ," ಅಂದಳು ವಿಜಿ. ಅವಳ ದನಿ ಮೈಕಿನಲ್ಲೂ ಸಣ್ಣಗಿತ್ತು. "ಬನ್ನಿ."

ಮೂರ್ತಿ ಹೊರಗೆ ಓಡಿದ.

ದಿಬ್ಬದ ಮೇಲೆ ಅವನು ಕಾರಿನಿಂದ ಇಳಿದಾಗ ಮೋಡ ಬಯಲಿನ ಆ ತುದಿಯಲ್ಲಿತ್ತು, ಮಡಿಕೆ ಮಡಿಕೆಯಾಗಿ, ತಳ ಚಪ್ಪಟೆಯಾಗಿ. ಗಾಳಿ ಇನ್ನೂ ಬೀಸುತ್ತಿತ್ತು. ಅದು ನಿಲ್ಲುವುದನ್ನೇ ಕಾಯುತ್ತಾ ಬಾನೆಟ್ಟಿಗೆ ಒರಗಿದ. ತಾನು ಎಲ್ಲಿದ್ದೇನೆಂದು ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತು ಎಂಬ ಯೋಚನೆ ಅಂಗಿಯೊಳಗೆ ಹೊಕ್ಕ ಹುಲ್ಲುಕಡ್ಡಿಯಂತೆ ಚುಚ್ಚುತ್ತಿತ್ತು. ಚುಚ್ಚಿದರೂ ತೆಗೆದುಹಾಕಬೇಕು ಎನ್ನಿಸಲಿಲ್ಲ.

ಇನ್ನೊಬ್ಬರಿಗಲ್ಲ, ಎಲ್ಲರಿಗೂ ಗೊತ್ತು ಎಂಬುದು ಅವನಿಗೆ ತಿಳಿದದ್ದು ಹಿಂದೆ ಮಣ್ಣು ದಾರಿಯಲ್ಲಿ ಮಟಾಟುವಿನ ಹಾಡು ಕೇಳಿಸಿದಾಗ. ಲಾರೆನ್ಸನ ಮಟಾಟು ಬಂತು, ಸಭೆಯ ಅರ್ಧದಷ್ಟು ಜನವನ್ನು ಹೊತ್ತು. ಅದರ ಹಿಂದೆ ಇಲಾಖೆಯ ಕಾರು. ಮೇರಿ ಮೇಡಂ ಹೊಳೆಯುವ ಜಾಕೆಟ್ ಹಾಕಿಕೊಂಡು ಇಳಿದು, ಇದು ಸ್ಥಳ ಪರಿಶೀಲನೆ ಅಂದರು. ಛತ್ರಿ ಮಾರುವವನು ಬಂದಿದ್ದ, ಛತ್ರಿಗಳ ಸಮೇತ. ಬಂದವನೇ ಒಂದು ಮಾರಿಯೂ ಬಿಟ್ಟ. ಯಾರೋ ಮಂದಾಜಿಯ ಬುಟ್ಟಿಯನ್ನೇ ಎತ್ತಿಕೊಂಡು ಬಂದಿದ್ದರು. ಕೊನೆಗೆ ಪುರುಷೋತ್ತಮರ ಕಾರು ಬಂತು. ಅದರಿಂದ ನಿಕಿತಾ ಇಳಿದಳು, ವಿಜಿ ಇಳಿದಳು.

"ರೀ, ನಾನು ಯಾರಿಗೂ ಹೇಳಿಲ್ಲ," ಅಂದಳು ವಿಜಿ.

"ಗೊತ್ತು," ಅಂದ ಮೂರ್ತಿ.

ಇಷ್ಟು ವರ್ಷ ಅವನು ಒಬ್ಬನೇ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಸಂತೆ ನೆರೆದಿತ್ತು. ಪುರುಷೋತ್ತಮರು ಒಂದು ಕಲ್ಲು ಹುಡುಕಿ ಅದರ ಮೇಲೆ ಹತ್ತಿದರು. ಅರ್ಧಕ್ಕೆ ನಿಂತ ಭಾಷಣ ಅವರನ್ನು ದಾರಿಯುದ್ದಕ್ಕೂ ಕಾಡಿತ್ತಂತೆ. ಇಲ್ಲಿ ಗಂಟೆ ಹೊಡೆಯುವವರಿರಲಿಲ್ಲ.

"ಈ ದಿಬ್ಬದ ಮೇಲೆ ಉಪಸ್ಥಿತರಿರುವ ಮಾನ್ಯರೇ," ಎಂದು ಶುರುಮಾಡಿದರು.

ಗಾಳಿ ನಿಂತಿತು.

ಮಟಾಟುವಿನ ಹಾಡನ್ನು ಯಾರೂ ಹೇಳದೆಯೇ ಲಾರೆನ್ಸ್ ಆರಿಸಿದ. ಹುಲ್ಲು ನಿಂತಿತು. ಮಂದಾಜಿ ಬಾಯಿಗೆ ಹೋಗುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಪುರುಷೋತ್ತಮರು ಕಲ್ಲಿನ ಮೇಲೆ ಬಾಯಿ ತೆರೆದೇ ನಿಂತಿದ್ದರು. ಅವರ ಬಾಯಿಂದ ಮಾತು ಬಾರದ್ದನ್ನು ನೈರೋಬಿಯ ಕನ್ನಡಿಗರು ನೋಡಿದ್ದು ಅದೇ ಮೊದಲು. ಮೇರಿ ಮೇಡಂ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ಮೂರ್ತಿ ಪಕ್ಕಕ್ಕೆ ತಿರುಗಿ ನೋಡಿದ. ವಿಜಿ ಕತ್ತೆತ್ತಿ ಆಕಾಶದ ಆ ಹಸಿರನ್ನೇ ನೋಡುತ್ತಿದ್ದಳು. ಇದಕ್ಕಾ, ಎಂದು ಅವಳು ಕೇಳಲಿಲ್ಲ. ಕೇಳದೆ ಅವನ ಅಂಗಿಯ ತೋಳು ಹಿಡಿದುಕೊಂಡಳು. ಅಷ್ಟು ಜನ ಸೇರಿ ಮಾಡಿದ ಮೌನ ಒಬ್ಬನೇ ನಿಂತು ಕೇಳಿದ್ದಕ್ಕಿಂತ ದೊಡ್ಡದಾಗಿದೆ ಎಂದು ಮೂರ್ತಿಗೆ ಅನ್ನಿಸಿತು. ಅದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ.

ಆಮೇಲೆ ಆಲಿಕಲ್ಲು ಬಿತ್ತು. ಎಲ್ಲರೂ ಕಿರುಚಿಕೊಂಡು ಮಟಾಟುವಿಗೆ ನುಗ್ಗಿದರು. ಛತ್ರಿಗಳೆಲ್ಲ ಖರ್ಚಾದವು.

ಕರಡು ನಿಯಮ ಇಲಾಖೆಗೆ ವಾಪಸ್ ಹೋಯಿತು. ಅದರಲ್ಲಿ ಛತ್ರಿಯವರನ್ನು ಎಲ್ಲಿ ಸೇರಿಸುವುದು, ಬೆನ್ನಟ್ಟಿ ಬರುವ ಮಳೆಯನ್ನು ಏನು ಮಾಡುವುದು ಎಂಬ ಪ್ರಶ್ನೆಗಳು ಇತ್ಯರ್ಥವಾಗದೆ ಅದು ಅಲ್ಲೇ ಕೂತಿದೆ. ದಿಬ್ಬದ ಮೇಲೆ ಈಗ ಶನಿವಾರ ಶನಿವಾರ ಲಾರೆನ್ಸನ ಮಟಾಟು ನಿಲ್ಲುತ್ತದೆ. ಪಕ್ಕದಲ್ಲಿ ಮಂದಾಜಿ ಮಾರುವವಳೂ ಕೂರುತ್ತಾಳೆ. ಮೂರ್ತಿ ಅತ್ತ ತಲೆ ಹಾಕುವುದಿಲ್ಲ. ಅವನು ಇನ್ನೊಂದು ಜಾಗ ಹುಡುಕಿಕೊಂಡಿದ್ದಾನೆ.

ಮೊನ್ನೆ ಶನಿವಾರವೂ ಆಕಾಶ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮೂರ್ತಿ ಷೂ ಹಾಕಿಕೊಂಡು, ಕೀ ತೆಗೆದುಕೊಂಡು, ಬಾಗಿಲಲ್ಲಿ ನಿಲ್ಲದೆ ಅಡುಗೆಮನೆಗೆ ಬಂದ. ಮಿಕ್ಸಿ ಆಫ್ ಮಾಡಿದ. ನಿಕಿತಾಳ ಫೋನನ್ನು ಬೋರಲು ಹಾಕಿದ. ಕಿಟಕಿಯನ್ನೂ ಮುಚ್ಚಿದ. ಆಮೇಲೆ ವಿಜಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿ, ಬಾಗಿಲ ಕಡೆಗೆ ಹೊರಟ.

"ವಾಟ್? ವೇರ್?" ಅಂದಳು ನಿಕಿತಾ.

"ಶ್," ಅಂದಳು ವಿಜಿ. "ಕೇಳಬಾರದು."

ಮೂರ್ತಿ ಬಾಗಿಲಿನಿಂದ ವಾಪಸ್ ಬಂದು, ಕುರ್ಚಿ ಎಳೆದು ಕೂತು, ನೀರಿಗೆ ಕೈ ಚಾಚಿದ.